ಕೀ ಎರಡೂ ಮನೆಯಲ್ಲಿದೆ, ಕಾರು ಮಾತ್ರ ಇಲ್ಲ

ಉಡುಪಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ಮೊನ್ನೆ ರಾತ್ರಿ ಊಟ ಮುಗಿಸಿ ಸ್ಟೀಲಿನ ಅವಲಕ್ಕಿ ಡಬ್ಬ ಹಿಡಿದುಕೊಂಡು ಅಂಗಳಕ್ಕೆ ಇಳಿದೆ. ಡಬ್ಬದೊಳಗೆ ಅವಲಕ್ಕಿ ಇರಲಿಲ್ಲ, ಕಾರಿನ ಕೀ ಇತ್ತು. ಮುಚ್ಚಳ ಬಿಗಿಯಾಗಿ ಒತ್ತಿ, ಕಾರಿನ ಬಾಗಿಲ ಹಿಡಿಯಲ್ಲಿರುವ ಗುಂಡಿ ಅದುಮಿದೆ. ಕಾರು ಮಿಸುಕಲಿಲ್ಲ. ಮುಚ್ಚಳವನ್ನು ಒಂದು ಬದಿಯಲ್ಲಿ ಬೆರಳಿನಷ್ಟು ಎತ್ತಿ ಮತ್ತೆ ಅದುಮಿದೆ. ಟಕ್ ಎಂದು ಬಾಗಿಲು ತೆರೆಯಿತು. ಜಗಲಿಯಲ್ಲಿ ಕೂತಿದ್ದ ಅಮ್ಮ, "ನಿಂಗೆಂತ ಮರ್ಲಾ?" ಅಂದರು.

ಈ ಮರುಳು ಹತ್ತಿಸಿದ್ದು ನನ್ನ ಭಾವ. ಅವರಿರುವುದು ಬೆಂಗಳೂರಿನಲ್ಲಿ. ಮನೆಯೆದುರು ರಸ್ತೆ ಬದಿ ನಿಲ್ಲಿಸಿದ್ದ ಪುಶ್ ಬಟನ್ ಕಾರು ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ. ಒಡೆದ ಗಾಜಿನ ಚೂರೂ ಇಲ್ಲ. ಎರಡೂ ಕೀ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದವು. ಅವನ್ನೇ ಹಿಡಿದು ಅಲ್ಲಿನ ಒಂದು ಠಾಣೆಗೆ ಓಡಿದರೆ ಸಿಕ್ಕ ಉತ್ತರ: "ಎರಡೂ ಕೀ ನಿಮ್ಮತ್ರಾನೇ ಇದೆಯಲ್ಲ ಸಾರ್. ಸಾಲದ ಕಂತು ಬಾಕಿ ಇತ್ತಾ? ಬ್ಯಾಂಕಿನವರು ಎತ್ಕೊಂಡು ಹೋಗಿರ್ತಾರೆ, ಫೋನ್ ಮಾಡಿ ನೋಡಿ." ಕಂತು ಬಾಕಿ ಇರಲಿಲ್ಲ. ಎಫ್‌ಐಆರ್ ಬರೆದದ್ದು ಸಂಜೆ. ಅಷ್ಟು ಹೊತ್ತಿಗೆ ಕಾರು ಎರಡು ರಾಜ್ಯ ದಾಟಿದ್ದರೂ ಆಶ್ಚರ್ಯವಿಲ್ಲ.

ಆ ಪೊಲೀಸಿನವರನ್ನು ನಾನು ಪೂರ್ತಿ ದೂರುವುದಿಲ್ಲ. ಕಾರು ಕದಿಯುವುದೆಂದರೆ ಕೀ ಕದಿಯುವುದು, ಇಲ್ಲವೇ ಬೀಗ ಒಡೆಯುವುದು ಎಂದೇ ನಾವೆಲ್ಲ ಕಲಿತದ್ದು. ಕುಂದಾಪುರ–ಬೈಂದೂರು ನಡುವೆ ಸರ್ವಿಸ್ ಮಾಡುತ್ತಿದ್ದ ಹಳೆಯ ಅಂಬಾಸಿಡರಿಗೆ ಪಕ್ಕದ ಅಂಬಾಸಿಡರಿನ ಕೀಯನ್ನೇ ತುರುಕಿ ತಿರುಗಿಸಿದ್ದನ್ನು ನಾನೇ ಕಂಡಿದ್ದೇನೆ. ಈಗಿನ ಕಳ್ಳನಿಗೆ ಕೀಯೂ ಬೇಡ, ಬೀಗ ಒಡೆಯುವುದೂ ಬೇಡ.

ಕಿಸೆಯ ಕೀಗೆ ಕಾರು ಸಣ್ಣ ದನಿಯಲ್ಲಿ "ಇದ್ದೀಯಾ?" ಎಂದು ಕೇಳುತ್ತದೆ. ಆ ದನಿ ಒಂದೆರಡು ಮೀಟರಿಗಿಂತ ಆಚೆ ಹೋಗದು. ಕೀ "ಇದ್ದೇನೆ" ಅನ್ನುತ್ತದೆ, ಬಾಗಿಲು ತೆರೆಯುತ್ತದೆ. ಗಂಗೊಳ್ಳಿ ಕಡವಿನಲ್ಲಿ ಈ ದಡದ ಕೂಗು ಆ ದಡಕ್ಕೆ ಕೇಳದಿದ್ದರೆ ನಡುವೆ ದೋಣಿಯಲ್ಲಿದ್ದವನು ಅದನ್ನೇ ಮತ್ತೊಮ್ಮೆ ಕೂಗಿ ದಾಟಿಸುತ್ತಿದ್ದನಲ್ಲ, ಕಳ್ಳರು ಮಾಡುವುದೂ ಅದನ್ನೇ. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಮನೆಯ ಗೋಡೆಯ ಹೊರಗೆ, ಇಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಕಾರಿನ ಪ್ರಶ್ನೆಯನ್ನು ಮೊಳೆಯಲ್ಲಿ ನೇತಾಡುವ ಕೀಗೆ ಮುಟ್ಟಿಸಿದರೆ ಸಾಕು. ಗುಪ್ತಸಂಕೇತವನ್ನು ಯಾರೂ ಮುರಿಯುವುದಿಲ್ಲ. ಕೀ ಕೊಟ್ಟ ಉತ್ತರ ಸರಿಯಾಗಿಯೇ ಇರುತ್ತದೆ, ದೂರ ಮಾತ್ರ ಸುಳ್ಳು. ಇದೇನು ನಿನ್ನೆ ಮೊನ್ನೆಯ ಸಂಗತಿಯಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಇದನ್ನು ಪರೀಕ್ಷಿಸಿ 2011ರಲ್ಲೇ ಪ್ರಕಟಿಸಿದ್ದರು. ಹತ್ತೂ ಮೋಸಹೋಗಿದ್ದವು.

ದೆಹಲಿ ಕಡೆ ಹೆಚ್ಚು ನಡೆದಿರುವುದು ಇನ್ನೊಂದು ಬಗೆ. ಗಾಜು ಒಡೆದು ಒಳಗೆ ಕೂತು, ಸ್ಟೀರಿಂಗಿನ ಕೆಳಗೆ ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚುವ ಜಾಗಕ್ಕೆ ಟ್ಯಾಬ್‌ನಂಥ ಯಂತ್ರ ಸಿಕ್ಕಿಸಿ, ಖಾಲಿ ಕೀಯೊಂದಕ್ಕೆ ಹೊಸ ಪಾಠ ಹೇಳಿಕೊಡುತ್ತಾರೆ. ಕೆಲವೇ ನಿಮಿಷಗಳ ಕೆಲಸ.

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಇದು ದೊಡ್ಡ ಪಿಡುಗಾಗಿದೆ ಎಂದು ನಾನು ಹೇಳುತ್ತಿಲ್ಲ. ಆಗುವ ಮೊದಲೇ ಬರೆಯುತ್ತಿದ್ದೇನೆ. ಬೆಂಗಳೂರಿಗಿಲ್ಲದ ಒಂದು ಅನುಕೂಲ ನಮಗಿದೆ, ಅದು ನಮ್ಮ ಭೂಗೋಳ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಉದ್ದಕ್ಕೆ ಹೆದ್ದಾರಿ 66. ಕುಂದಾಪುರದಲ್ಲಿ ಕದ್ದ ಕಾರು ಬಡಗಿಗೆ ಹೋದರೆ ಶಿರೂರು ಟೋಲು, ತೆಂಕಿಗೆ ಹೋದರೆ ಸಾಸ್ತಾನ ಟೋಲು. ಬ್ರಹ್ಮಾವರದ್ದು ತೆಂಕಿಗೆ ಹೊರಟರೆ ಹೆಜಮಾಡಿ. ಘಟ್ಟ ಹತ್ತಬೇಕಾದರೆ ಕೊಲ್ಲೂರಿನ ಮೇಲೆ ನಾಗೋಡಿ, ಸಿದ್ದಾಪುರ–ಹೊಸಂಗಡಿಯ ಮೇಲೆ ಬಾಳೆಬರೆ, ಹೆಬ್ರಿಯ ಮೇಲೆ ಆಗುಂಬೆ. ಟೋಲು ತಪ್ಪಿಸುವ ಒಳದಾರಿಗಳು ನಮಗೂ ಗೊತ್ತು, ಕಳ್ಳನಿಗೂ ಗೊತ್ತಿರುತ್ತದೆ. ಆದರೆ ಘಟ್ಟಕ್ಕೆ ಒಳದಾರಿ ಇಲ್ಲ. ಕುಂದಾಪುರದಿಂದ ಶಿರೂರಿಗೆ ರಾತ್ರಿ ಹೊತ್ತು ಮುಕ್ಕಾಲು ಗಂಟೆ ಬೇಡ. ಹಾಗಾಗಿ ಎಲ್ಲವೂ ನಿಂತಿರುವುದು ಆ ಮುಕ್ಕಾಲು ಗಂಟೆಯ ಮೇಲೆ. "ಕೀ ನಿಮ್ಮತ್ರವೇ ಉಂಟಲ್ಲ" ಎಂಬ ಮಾತಿಗೆ ಅದು ಖರ್ಚಾಗಬಾರದು.

ಆದ್ದರಿಂದ ನನ್ನ ಮೊದಲ ಕೋರಿಕೆ: ಬೈಂದೂರು, ಗಂಗೊಳ್ಳಿ, ಕುಂದಾಪುರ, ಕೋಟ, ಬ್ರಹ್ಮಾವರ, ಶಂಕರನಾರಾಯಣ, ಕೊಲ್ಲೂರು ಠಾಣೆಗಳಿಗೆ ಒಂದು ಸುತ್ತೋಲೆ ಕಳಿಸಿ. ಕೀ ಕೈಯಲ್ಲಿ ಹಿಡಿದು ಬಂದವನನ್ನು ಸುಳ್ಳುಗಾರನಂತೆ ನೋಡುವುದು ಬೇಡ. 112ಕ್ಕೆ ಕರೆ ಬಂದ ಕೂಡಲೇ ಮೊದಲು ಟೋಲುಗಳಿಗೂ ಘಟ್ಟದ ಬುಡಕ್ಕೂ ಕಾರಿನ ನಂಬರು, ಬಣ್ಣ ಮುಟ್ಟಲಿ, ವಿಚಾರಣೆ ಆಮೇಲೆ. ಕಾರಿನೊಡೆಯನ ಮೊಬೈಲನ್ನೂ ಒಮ್ಮೆ ಕೇಳಿ ನೋಡಬೇಕು. ಫಾಸ್ಟ್‌ಟ್ಯಾಗ್ ಕಿತ್ತೊಗೆಯಲು ಕಳ್ಳ ಮರೆತಿದ್ದರೆ, ಯಾವ ಟೋಲಿನಲ್ಲಿ ಎಷ್ಟು ಹೊತ್ತಿಗೆ ಹಣ ಕಡಿತವಾಯಿತು ಎಂಬ ಸಂದೇಶ ಅದರಲ್ಲೇ ಬಂದು ಕೂತಿರುತ್ತದೆ. ಕಿತ್ತಿದ್ದರೆ, ನಡುರಾತ್ರಿ ಟ್ಯಾಗ್ ಇಲ್ಲದೆ ಹೆಚ್ಚು ದುಡ್ಡು ಕಟ್ಟಿ ದಾಟಿದ ಹೊಸ ಕಾರು ಟೋಲಿನ ಹುಡುಗರಿಗೆ ನೆನಪಿರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೂರನ್ನು ಫೋನಿನಿಂದಲೇ ಕಳಿಸಬಹುದು, ಮೂರು ದಿನದೊಳಗೆ ಬಂದು ಸಹಿ ಹಾಕಿದರಾಯಿತು. ಯಾವ ಠಾಣೆಯ ವ್ಯಾಪ್ತಿ ಎಂಬ ತಕರಾರಿಗೂ ಅದರಲ್ಲಿ ಜಾಗವಿಲ್ಲ. ಇದು ಬ್ರಹ್ಮಾವರದ ಎಷ್ಟು ಜನರಿಗೆ ಗೊತ್ತು? ನನಗೇ ಗೊತ್ತಾದದ್ದು ಭಾವನ ಕಾರು ಹೋದ ಮೇಲೆ. ಎಫ್‌ಐಆರ್ ತಡವಾದರೆ ಪೆಟ್ಟು ಬೀಳುವುದು ವಿಮೆಯಲ್ಲಿ. ಕಳವಾದ ತಕ್ಷಣ ಎಫ್‌ಐಆರ್ ಆಗಿದ್ದರೆ, ಕಂಪನಿಗೆ ತಿಳಿಸಿದ್ದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲವೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಭಾವನ ಪಾಡು ನೋಡಿ: ಒಂದೇ ಕೀ ಕೊಟ್ಟಿದ್ದರೆ ವಿಮೆಯವರು ನಿರ್ಲಕ್ಷ್ಯ ಅನ್ನುತ್ತಿದ್ದರು, ಎರಡೂ ಕೊಟ್ಟದ್ದಕ್ಕೆ ಅನುಮಾನಪಟ್ಟರು. ಕಾರು ಪತ್ತೆಯಾಗಲಿಲ್ಲವೆಂಬ ಠಾಣೆಯ 'ಸಿ' ರಿಪೋರ್ಟ್ ಕೈಗೆ ಸಿಗುವವರೆಗೆ ಫೈಲು ಅಲುಗಾಡಲಿಲ್ಲ, ಇಲ್ಲದ ಕಾರಿನ ಕಂತು ಮಾತ್ರ ತಪ್ಪದೆ ಹೋಗುತ್ತಿತ್ತು.

ಇನ್ನೊಂದು, ರೈಲ್ವೆ ಸ್ಟೇಷನ್ನುಗಳು. ಮುಂಬಯಿಯ ಮತ್ಸ್ಯಗಂಧಕ್ಕೆ ಹತ್ತುವವರು ಮೂಡ್ಲಕಟ್ಟೆಯಲ್ಲೋ ಬಾರ್ಕೂರಿನಲ್ಲೋ ಬೈಂದೂರಿನಲ್ಲೋ ಕಾರು ನಿಲ್ಲಿಸಿ ನಾಲ್ಕೈದು ದಿನ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕಾರು ಹೋದ ಸುದ್ದಿ ಗೊತ್ತಾಗುವುದು ವಾಪಸು ಬಂದು ಇಳಿದ ಮೇಲೆ. ಮುಕ್ಕಾಲು ಗಂಟೆಯ ಲೆಕ್ಕ ಅಲ್ಲಿ ನಡೆಯದು. ಅಂಥ ಕಡೆ ರಾತ್ರಿ ಬೀಟಿನವರು ಕಾರುಗಳ ನಂಬರು ಬರೆದುಕೊಂಡರೆ ಕಡೇಪಕ್ಷ ಯಾವ ದಿನ ಹೋಯಿತೆಂದಾದರೂ ತಿಳಿಯುತ್ತದೆ. ಯಕ್ಷಗಾನದ ಆಟ ನಡೆಯುವ ಬಯಲು ಅಷ್ಟು ಅಪಾಯವಲ್ಲ ಎಂದು ನನ್ನ ಅಂದಾಜು. ಅಲ್ಲಿ ಬೆಳಗಾಗುವವರೆಗೆ ಚಾ ಅಂಗಡಿಯವನಾದರೂ ಎಚ್ಚರ ಇರುತ್ತಾನೆ.

ಖಾಲಿ ಕೀಗೆ ಪಾಠ ಹೇಳುವ ಯಂತ್ರವನ್ನೇ ಬಳಸಿ ಕೀ ಮಾಡಿಕೊಡುವವರ ವಿಷಯ ಸ್ವಲ್ಪ ನಾಜೂಕಿನದು. ಬ್ರಿಟನ್ನಿನಲ್ಲಿ ಇಂಥ ಕಳ್ಳಯಂತ್ರ ಇಟ್ಟುಕೊಳ್ಳುವುದನ್ನೇ 5 ವರ್ಷದವರೆಗಿನ ಜೈಲಿಗೆ ತಕ್ಕ ಅಪರಾಧ ಮಾಡುವ ಮಸೂದೆಯನ್ನು 2025ರಲ್ಲಿ ಮಂಡಿಸಿದರು. ಇಲ್ಲಿ ಹಾಗೆ ದಾಳಿಗೆ ಇಳಿದರೆ ಕೀ ಕಳೆದುಕೊಂಡವರಿಗೆ ಹೊಸದು ಮಾಡಿಕೊಡುವ ಬಡಪಾಯಿಯೇ ಮೊದಲು ಸಿಕ್ಕಿಬೀಳುತ್ತಾನೆ. ಅವನಿಗೆ ಬೇಕಾದದ್ದು ಒಂದು ಪುಸ್ತಕ: ಆರ್‌ಸಿ ನೋಡಿದೆ, ಗುರುತಿನ ಚೀಟಿ ನೋಡಿದೆ, ಸಹಿ ಹಾಕಿಸಿಕೊಂಡೆ ಎಂದು ಬರೆದಿಡಲು. ತಿಂಗಳಿಗೊಮ್ಮೆ ನಿಮ್ಮವರು ಅದರ ಮೇಲೆ ಕಣ್ಣಾಡಿಸಿದರೆ ಆಯಿತು.

ನಮ್ಮ ಪಾಲಿನದನ್ನು ನಾವು ಮಾಡಿಕೊಳ್ಳುತ್ತೇವೆ. ಕಾರಿನ ದನಿ ಕೇಳದ ಹಾಗೆ ನನ್ನ ಕೀ ಈಗ ಮುಚ್ಚಳ ಬಿಗಿದ ಆ ಅವಲಕ್ಕಿ ಡಬ್ಬದಲ್ಲಿದೆ, ಸ್ಪೇರ್ ಕೀ ಇನ್ನೊಂದು ಡಬ್ಬದಲ್ಲಿ. ಸ್ಟೀರಿಂಗಿಗೆ ಕಬ್ಬಿಣದ ಲಾಕ್ ಕೂಡ ತಂದೆ. ಹದಿನೈದು ಲಕ್ಷದ ಕಾರಿಗೆ ಕಬ್ಬಿಣದ ಸರಳು ಕಾವಲು! ನಿಮ್ಮಿಂದ ತುರ್ತಾಗಿ ಬೇಕಾದದ್ದು ಒಂದು ಬೋರ್ಡು. ಕುಂದಾಪುರದ ಶಾಸ್ತ್ರಿ ಸರ್ಕಲಿನಲ್ಲಿ, ಬೈಂದೂರು, ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕಿಸಿ. ಕಾರು ಹೋದರೆ ರಾತ್ರಿ ಎರಡು ಗಂಟೆಗೆ ಎಲ್ಲಿಗೆ ಫೋನ್ ಮಾಡಬೇಕು, ಶಿರೂರಿನಲ್ಲಿ ಅದನ್ನು ಎತ್ತುವವರು ಯಾರು, ಅದರಲ್ಲಿ ಬರೆದಿರಲಿ.

ಇತಿ,
ಕೋಟೇಶ್ವರದ ಒಬ್ಬ ಕಾರು ಮಾಲೀಕ