ಹವ್ಯಾಸಿಗಳ ಲೆಕ್ಕವನ್ನು ನಂಬಬಹುದೇ?

ಅಮೆರಿಕದ ಮುಖ್ಯ ಭೂಭಾಗದಲ್ಲಿ 2000ದಿಂದ 2020ರವರೆಗೆ ಚಿಟ್ಟೆಗಳ ಒಟ್ಟು ಸಂಖ್ಯೆ ಶೇಕಡಾ 22ರಷ್ಟು ಕುಸಿದಿದೆಯೆಂದು, 2025ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಇದಕ್ಕೆ ಆಧಾರವಾದ 76,000ಕ್ಕೂ ಹೆಚ್ಚು ಸಮೀಕ್ಷೆಗಳಲ್ಲಿ ಬಹಳಷ್ಟನ್ನು ನಡೆಸಿದವರು ಸಂಬಳವಿಲ್ಲದ ಸ್ವಯಂಸೇವಕರು. ಇಂಥವರ ಲೆಕ್ಕವನ್ನು ನಂಬಬಹುದೇ ಎಂಬ ಪ್ರಶ್ನೆ ಸಹಜವಾದುದೇ.

ಸಂದೇಹಕ್ಕೆ ಕಾರಣಗಳಿಲ್ಲದಿಲ್ಲ. ಹವ್ಯಾಸಿಗಳು ಸಾಮಾನ್ಯವಾಗಿ ಬಿಸಿಲಿರುವ ರಜಾದಿನಗಳಲ್ಲಿ, ಮನೆಗೆ ಸಮೀಪದ ಉದ್ಯಾನಗಳಲ್ಲಿ ಅಡ್ಡಾಡುತ್ತಾರೆ. ಮೊನಾರ್ಕ್ ಚಿಟ್ಟೆಯನ್ನೇ ಹೋಲುವ ವೈಸರಾಯ್ ಚಿಟ್ಟೆಯನ್ನು ಮೊನಾರ್ಕ್ ಎಂದೇ ಬರೆದುಕೊಳ್ಳುವುದುಂಟು. ಎಣಿಸುವವರು ಹೆಚ್ಚಿದಾಗ ಚಿಟ್ಟೆಗಳೇ ಹೆಚ್ಚಿದಂತೆ ಭ್ರಮೆಯುಂಟಾಗಲೂಬಹುದು.

ಆದರೆ ದತ್ತಾಂಶದ ವಿಶ್ವಾಸಾರ್ಹತೆ ಎಣಿಸುವವರ ಪದವಿಗಿಂತ ಎಣಿಸುವ ಕ್ರಮವನ್ನು ಅವಲಂಬಿಸಿದೆ. 1976ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಚಿಟ್ಟೆ ಗಣತಿ ಇದಕ್ಕೆ ಮಾದರಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಗೊತ್ತುಪಡಿಸಿದ ಒಂದೇ ದಾರಿಯಲ್ಲಿ, ತಕ್ಕ ಹವೆಯಿರುವಾಗ ನಡೆದು, 5 ಮೀಟರ್ ಅಗಲದೊಳಗೆ ಕಂಡವನ್ನಷ್ಟೇ ಎಣಿಸಬೇಕು. ಇದೇ ಕ್ರಮವನ್ನನುಸರಿಸಿ ಓಹಾಯೋ ರಾಜ್ಯದ ಸ್ವಯಂಸೇವಕರು 1996ರಿಂದ 2016ರವರೆಗೆ ಕಲೆಹಾಕಿದ ಲೆಕ್ಕವು ಅಲ್ಲಿಯ ಚಿಟ್ಟೆಗಳಲ್ಲಿ ಮೂರನೆಯ ಒಂದು ಭಾಗ ಇಲ್ಲವಾದುದನ್ನು ತೋರಿಸಿಕೊಟ್ಟಿತು. ಪ್ರತಿವರ್ಷವೂ ಒಂದೇ ಬಗೆಯಲ್ಲಿ ನುಸುಳುವ ತಪ್ಪು ಏರಿಳಿತದ ಚಿತ್ರವನ್ನು ಅಷ್ಟಾಗಿ ಕೆಡಿಸದು. ಎಷ್ಟು ಹೊತ್ತು, ಎಷ್ಟು ದೂರ ನಡೆದರೆಂಬುದು ದಾಖಲಾಗಿದ್ದರೆ ಸಂಖ್ಯಾಶಾಸ್ತ್ರಜ್ಞರು ಅದನ್ನು ಸರಿತೂಗಿಸಬಲ್ಲರು.

ಅವರು ಸುಲಭವಾಗಿ ಸರಿಪಡಿಸಲಾಗದ ದೋಷವೊಂದಿದೆ: ಬರೆಯದೆ ಬಿಟ್ಟ ಸೊನ್ನೆ. ಅಪರೂಪದ ಚಿಟ್ಟೆ ಕಂಡ ದಿನ ಉತ್ಸಾಹದಿಂದ ದಾಖಲಿಸಿ, ಏನೂ ಕಾಣದ ದಿನ ಸುಮ್ಮನಿದ್ದರೆ, ಅವನತಿ ನಡೆದಿದ್ದರೂ ಕಾಗದದ ಮೇಲೆ ಸಮೃದ್ಧಿಯೇ ಕಾಣುತ್ತದೆ. ಕೀಟನಾಶಕಗಳ ನಿಯಂತ್ರಣವಾಗಲಿ, ಹುಲ್ಲುಗಾವಲುಗಳ ರಕ್ಷಣೆಯಾಗಲಿ ಇಂಥ ಲೆಕ್ಕದ ಆಧಾರದಿಂದ ತೀರ್ಮಾನವಾಗುವಾಗ ಈ ದೋಷ ಸಣ್ಣದಲ್ಲ. ಆದುದರಿಂದ ಸಂಸ್ಥೆಗಳು ಸ್ವಯಂಸೇವಕರನ್ನು ಪುಕ್ಕಟೆ ದುಡಿಮೆಗಾರರೆಂದು ಭಾವಿಸದೆ, ಅವರಿಗೆ ತರಬೇತಿ ನೀಡಿ, ಸೊನ್ನೆಯ ಬೆಲೆಯನ್ನು ಮನಗಾಣಿಸಬೇಕು.

ಸಮ್ಮೇಳನಕ್ಕೆ ಆಗಮಿಸಿರುವ ನಮ್ಮಲ್ಲಿ ಅಳತೆ, ದಾಖಲೆಗಳ ಶಿಸ್ತನ್ನು ವೃತ್ತಿಯಲ್ಲಿ ಕಲಿತ ವೈದ್ಯರೂ ಇಂಜಿನಿಯರರೂ ಅನೇಕರಿದ್ದಾರೆ. ನಾವು ನೆಲೆಸಿರುವ ಈ ನಾಡಿನ ಮಣ್ಣಿಗೂ ನಮ್ಮ ಋಣವಿದೆ. ಪ್ರತಿಯೊಂದು ಕನ್ನಡ ಕೂಟವೂ ತನ್ನ ಊರಿನ ಒಂದು ಕಾಲುದಾರಿಯನ್ನು ಆರಿಸಿಕೊಂಡು, ಸ್ಥಳೀಯ ಗಣತಿಯೊಡನೆ ಸೇರಿ, ಮಕ್ಕಳೊಂದಿಗೆ ಕೆಲವು ವರ್ಷಗಳಾದರೂ ತಪ್ಪದೆ ಎಣಿಸಲಿ. ಏನೂ ಕಾಣದ ವಾರದಲ್ಲಿ ಸೊನ್ನೆಯನ್ನೇ ಬರೆಯಲಿ.