ಬಂಡೆಗೆ ಮುಂಗಡ ಕೊಡುವ ಊರು

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮುಗಿಯದ ಕೆಲಸವನ್ನು ಯಾರೂ ಬಚ್ಚಿಡುವುದಿಲ್ಲ. ಮನೆಯ ಮುಂದಿನ ಚಪ್ಪರದಡಿ, ರಸ್ತೆಯ ಮಗ್ಗುಲಲ್ಲಿ, ಶೆಡ್ಡಿನ ಬಾಗಿಲಲ್ಲಿ ಮೂಗು ಮೂಡದ ದೇವಿಯರೂ, ಸೊಂಡಿಲಿನ ಜಾಗದಲ್ಲಿ ಬರೀ ಒಂದು ಗೆರೆಯಿರುವ ಗಣಪತಿಗಳೂ ಹೋಗಿಬರುವವರ ಕಣ್ಣೆದುರೇ ನಿಂತಿರುತ್ತಾರೆ. ದೇವಸ್ಥಾನ ಕಟ್ಟಿಸುವವರು ಬಂದು ಅಳತೆ ಹೇಳುತ್ತಾರೆ, ಮುಂಗಡ ಕೊಟ್ಟು ಹೋಗುತ್ತಾರೆ. ಅವರು ದುಡ್ಡು ಎಣಿಸಿಕೊಟ್ಟ ದಿನ ಅಲ್ಲಿ ದೇವರಿರುವುದಿಲ್ಲ, ಒಂದು ಕಪ್ಪು ಬಂಡೆ ಇರುತ್ತದೆ. ಕೆಲಸ ನಡುವಿನಲ್ಲಿರುವಾಗ ಮತ್ತೊಮ್ಮೆ ಬಂದು ನೋಡಿ, ಇನ್ನಷ್ಟು ಕೊಟ್ಟು ಹೋಗುತ್ತಾರೆ. ಇನ್ನೂ ಹುಟ್ಟದ ರೂಪವನ್ನು ನಂಬಿ ಕೊಟ್ಟ ಈ ಹಣದಿಂದಲೇ ಶಿಲ್ಪಿಯ ಮನೆಯ ಒಲೆ ಉರಿಯುತ್ತದೆ.

ಸ್ವತಂತ್ರವಾಗಿ ಸಿನಿಮಾ ಮಾಡಲು ಹೊರಟವರಿಗೆ ನಮ್ಮ ನಾಡಿನಲ್ಲಿ ಇಂಥ ಮುಂಗಡ ಕೊಡುವವರು ಯಾರು? ಚಿತ್ರ ಮುಗಿದು ಹೊರದೇಶದ ಉತ್ಸವದಲ್ಲಿ ಬಹುಮಾನ ಪಡೆದು ಬಂದರೆ ನಾವು ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಕನ್ನಡದ ಕೀರ್ತಿ ಹೆಚ್ಚಿತೆಂದು ಭಾಷಣ ಮಾಡುತ್ತೇವೆ. ಅದೇ ಚಿತ್ರ ಅರ್ಧ ಚಿತ್ರೀಕರಣಗೊಂಡು ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿದ್ದಾಗ ಅದರ ಕಡೆ ತಿರುಗಿಯೂ ನೋಡಿರುವುದಿಲ್ಲ. ಕಲೆಗೆ ಬೆಂಬಲ ಬೇಕಾಗುವುದು ಅದು ಕಲೆಯೆಂದು ಎಲ್ಲರಿಗೂ ಗೊತ್ತಾಗುವ ಮೊದಲೇ ಎಂಬುದು ನನ್ನ ವಾದ. ಶಿವಾರಪಟ್ಟಣದ ಶಿಲ್ಪಿಗಳು ಮತ್ತು ಅವರ ಗಿರಾಕಿಗಳು ಈ ಮಾತನ್ನು ಬಹಳ ಹಿಂದೆಯೇ ಅರ್ಥಮಾಡಿಕೊಂಡಿದ್ದಾರೆ.

ಇದಕ್ಕೆ ಮೊದಲ ಆಕ್ಷೇಪಣೆ ಕಲಾವಿದರ ಕಡೆಯಿಂದಲೇ ಬರುತ್ತದೆ. ಶಿಲ್ಪಿ ಹೇಳಿದ್ದನ್ನು ಕೆತ್ತುವವನು, ಸಿನಿಮಾದವನು ತನಗೆ ತೋಚಿದ್ದನ್ನು ಮಾಡುವವನು, ಒಬ್ಬನ ಕೆಲಸವನ್ನು ಇನ್ನೊಬ್ಬನ ಕೆಲಸಕ್ಕೆ ಹೇಗೆ ಹೋಲಿಸುತ್ತೀರಿ ಎಂದು ಕೇಳುತ್ತಾರೆ. ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಅಂತರ ಅಷ್ಟು ದೊಡ್ಡದಲ್ಲ. ಕಲ್ಲು ಬಂದ ಮೇಲೆ ಶಿಲ್ಪಿ ಮೊದಲು ಮಾಡುವ ಕೆಲಸ ಅದನ್ನು ತಟ್ಟಿ ಕಿವಿಗೊಡುವುದು. ಒಳಗೆ ಸೀಳಿದ್ದರೆ ದನಿ ಒಡೆದು ಕೇಳುತ್ತದೆ. ನಡುವೆ ಬ್ರಹ್ಮಸೂತ್ರದ ಗೆರೆ ಎಳೆದು ತಾಳದ ಲೆಕ್ಕದಲ್ಲಿ ಮೈಯನ್ನು ಭಾಗ ಮಾಡುತ್ತಾನೆ. ಒಂದು ತಾಳಕ್ಕೆ ಹನ್ನೆರಡು ಅಂಗುಲ. ವಿಷ್ಣುವಿಗೆ ಉತ್ತಮ ದಶತಾಳ, ಗಣಪತಿಗೆ ಪಂಚತಾಳ. ಆಯುಧ ಯಾವ ಕೈಯಲ್ಲಿರಬೇಕು, ಕಾಲು ಹೇಗೆ ಮಡಚಿರಬೇಕು ಎಂಬುದೆಲ್ಲ ಧ್ಯಾನಶ್ಲೋಕದಲ್ಲಿಯೇ ಇದೆ. ಈಗ ದಪ್ಪ ಕೆಲಸಕ್ಕೆ ಕಟ್ಟರ್ ಮೆಷಿನ್ ಬಂದಿದೆ. ಅದರ ದೂಳು ಎದೆಗೂಡಿಗೆ ಇಳಿಯುತ್ತದೆ, ಬಟ್ಟೆ ಕಟ್ಟಿಕೊಂಡರೂ ಇಳಿಯುತ್ತದೆ. ಮುಖದ ಹತ್ತಿರ ಬಂದಾಗ ಮಾತ್ರ ಕೈ ಮತ್ತೆ ಉಳಿ ಸುತ್ತಿಗೆಯನ್ನೇ ಹಿಡಿಯಬೇಕು. ತುಟಿಯ ಕೊನೆ ಎಷ್ಟು ಮೇಲೇಳಬೇಕು, ರೆಪ್ಪೆ ಎಷ್ಟು ಬಾಗಬೇಕು ಎಂದು ಯಾವ ಶ್ಲೋಕವೂ ಹೇಳಿ ಮುಗಿಸಲಾರದು. ಒಂದೇ ಅಳತೆಯ ಎರಡು ವಿಗ್ರಹಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾರ ಕೈಯದು ಎಂದು ಊರಿನವರಿಗೆ ತಿಳಿಯುತ್ತದೆ. ಕಟ್ಟುಪಾಡಿನ ಒಳಗೇ ಅಷ್ಟು ಜಾಗ ಉಳಿದಿರುತ್ತದೆ, ಮತ್ತು ಗಿರಾಕಿ ಆ ಜಾಗಕ್ಕೆ ಕೈ ಹಾಕುವುದಿಲ್ಲ.

ಸ್ವತಂತ್ರ ಸಿನಿಮಾದವರೂ ಶೂನ್ಯದಿಂದ ತೆಗೆಯುವುದಿಲ್ಲ. ಸ್ಫೂರ್ತಿ ಎಲ್ಲಿಂದ ಬಂತು ಎಂದು ಕೇಳಿದರೆ ಅವರು ವಿದೇಶದ ದೊಡ್ಡ ನಿರ್ದೇಶಕರ ಹೆಸರು ಹೇಳಬಹುದು, ಅದೂ ಸುಳ್ಳಲ್ಲ. ಆದರೆ ಈಚಿನ ಕನ್ನಡ ಚಿತ್ರಗಳನ್ನು ನೋಡಿದರೆ ಬೇರು ಇನ್ನೂ ಹತ್ತಿರದಲ್ಲಿ ಕಾಣುತ್ತದೆ. ರಾಮ್ ರೆಡ್ಡಿ ಅವರ ‘ತಿಥಿ’ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆಯಿತು. ಅದರ ಜೀವ ಮಂಡ್ಯದ ನೊದೆಕೊಪ್ಪಲಿನಲ್ಲಿದೆ. ಆ ಊರನ್ನು ಒಳಗಿನಿಂದ ಬಲ್ಲ ಈರೇಗೌಡ ಬರವಣಿಗೆಯಲ್ಲಿ ಜೊತೆಯಾದರು, ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಊರಿನವರೇ ಪಾತ್ರಗಳಾದರು. ನಟೇಶ್ ಹೆಗಡೆ ತಮ್ಮ ಉತ್ತರ ಕನ್ನಡದ ಊರಿನಲ್ಲೇ ‘ಪೆದ್ರೊ’ ತೆಗೆದರು. ಅದರ ಮುಖ್ಯ ಪಾತ್ರ ಒಬ್ಬ ಎಲೆಕ್ಟ್ರಿಷಿಯನ್, ಆ ಪಾತ್ರ ಮಾಡಿದವರು ಅವರ ತಂದೆ ಗೋಪಾಲ ಹೆಗಡೆ. 2021ರಲ್ಲಿ ಆ ಚಿತ್ರ ಬುಸಾನ್ ಉತ್ಸವಕ್ಕೆ ಹೋಯಿತು. ಅವರ ಮುಂದಿನ ಚಿತ್ರ ‘ವಾಘಾಚಿಪಾಣಿ’ ಅಮರೇಶ ನುಗಡೋಣಿಯವರ ಕಥೆಯ ಎಳೆ ಹಿಡಿದು ಹುಟ್ಟಿ, 2025ರಲ್ಲಿ ಬರ್ಲಿನ್ ಉತ್ಸವದ ಫೋರಂ ವಿಭಾಗಕ್ಕೆ ಹೋಯಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಬಿಸಿಯೂಟದ ಅಡುಗೆ ಮಾಡುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್‌ನ ಪಾನೀಯ ಮಾರಿ ಮನೆ ಉದ್ಧಾರ ಮಾಡಹೊರಡುತ್ತಾಳೆ. ಇಂಥ ಹೆಂಗಸನ್ನು ನಾವೆಲ್ಲ ನೋಡಿದ್ದೇವೆ, ಸಿನಿಮಾದಲ್ಲಿ ಮಾತ್ರ ನೋಡಿರಲಿಲ್ಲ. ಮೈಸೂರಿನ ಚಿದಾನಂದ ನಾಯ್ಕ್ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಅಜ್ಜಿಯೊಬ್ಬಳು ಕೋಳಿ ಕದ್ದದ್ದರಿಂದ ಊರಿಗೆ ಬೆಳಗೇ ಆಗದ ನಮ್ಮ ಜನಪದ ಕಥೆಯನ್ನು ಹಿಡಿದು.

ಊರು, ಮಾತಿನ ಧಾಟಿ, ಮನೆಯವರ ಮುಖ, ಅಜ್ಜಿ ಹೇಳಿದ ಕಥೆ, ಇವು ಇವರಿಗೆ ಸಿಕ್ಕ ಬಂಡೆಗಳು. ಇವನ್ನು ಬಿಟ್ಟು ಹೊರಗೆ ಹೋಗುವ ಸ್ವಾತಂತ್ರ್ಯ ಇವರು ಕೇಳುತ್ತಿಲ್ಲ. ಇವುಗಳ ಜೊತೆ ಬೇಕಾದಷ್ಟು ಹೊತ್ತು ಕೂರುವ ಸ್ವಾತಂತ್ರ್ಯ ಕೇಳುತ್ತಿದ್ದಾರೆ. ಬೇಡುತ್ತಿರುವುದು ಕಾಲವನ್ನು, ಮತ್ತು ಕಾಲಕ್ಕೆ ಬಾಡಿಗೆ ಕಟ್ಟಬೇಕು.

ಇಲ್ಲೇ ನಾವು ಕೈಬಿಡುವುದು. ಕನ್ನಡ ಚಿತ್ರಗಳಿಗೆ ಸರ್ಕಾರ ಸಹಾಯಧನ ಕೊಡಲು ಶುರುಮಾಡಿದ್ದು 1960ರ ದಶಕದಲ್ಲಿ. ಆ ನೀತಿಯಿಂದ ಚಿತ್ರೋದ್ಯಮ ಮದ್ರಾಸಿನಿಂದ ಇತ್ತ ಬರಲು ಅನುಕೂಲವಾಯಿತು, ಹೊಸ ಅಲೆಯ ಚಿತ್ರಗಳಿಗೂ ಉಸಿರು ಸಿಕ್ಕಿತು. ಅದರ ಉಪಕಾರವನ್ನು ಯಾರೂ ಮರೆಯಬಾರದು. ಆದರೆ ಅದು ಸೆನ್ಸಾರ್ ಆಗಿ ಮುಗಿದ ಚಿತ್ರಕ್ಕೆ, ಸಮಿತಿ ನೋಡಿ ಒಪ್ಪಿದ ಮೇಲೆ ಸಿಗುವ ಹಣ. ಅಷ್ಟರೊಳಗೆ ನಿರ್ದೇಶಕ ಬಡ್ಡಿಗೆ ಸಾಲ ತಂದಿರುತ್ತಾನೆ, ಹೆಂಡತಿಯ ಒಡವೆ ಬ್ಯಾಂಕಿನಲ್ಲಿರುತ್ತದೆ, ಇಲ್ಲವೇ ಸಿನಿಮಾವನ್ನೇ ಬಿಟ್ಟು ಬೆಂಗಳೂರಿನಲ್ಲಿ ಮದುವೆ ವಿಡಿಯೊ ಮಾಡುತ್ತಿರುತ್ತಾನೆ. ಗೋವಾದಲ್ಲಿ ಕೇಂದ್ರ ಸರ್ಕಾರದ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿ ನಡೆಸುವ ಫಿಲ್ಮ್ ಬಜಾರ್‌ನಲ್ಲಿ ಮುಗಿಯದ ಚಿತ್ರಗಳನ್ನು ಬಲ್ಲವರು ಕೂತು ನೋಡಿ ಸಲಹೆ ಕೊಡುವ ಒಂದು ಲ್ಯಾಬ್ ಇದೆ. ‘ಪೆದ್ರೊ’, ‘ಶಿವಮ್ಮ’ ಎರಡೂ ಆ ಬಾಗಿಲಿನಿಂದ ಹಾದು ಬಂದವು. ಇಡೀ ದೇಶಕ್ಕೆ ಅಂಥ ಬಾಗಿಲುಗಳು ಬೆರಳೆಣಿಕೆಯಷ್ಟು. ಕರ್ನಾಟಕಕ್ಕೇ ನಮ್ಮದೊಂದು ಇರಬಾರದೇಕೆ?

ಮುಗಿಯದ ಚಿತ್ರಕ್ಕೆ ಸರ್ಕಾರ ಹಣ ಕೊಡುವುದು ಹುಚ್ಚುತನ ಎನ್ನುವವರು ‘ಪಥೇರ್ ಪಾಂಚಾಲಿ’ಯ ಲೆಕ್ಕಪತ್ರ ತೆಗೆದು ನೋಡಲಿ. 1952ರಲ್ಲಿ ಸತ್ಯಜಿತ್ ರಾಯ್ ಕಾಶ ಹುಲ್ಲಿನ ಬಯಲಲ್ಲಿ ಚಿತ್ರೀಕರಣ ಶುರುಮಾಡಿದರು. ಮುಂದಿನ ವಾರ ಮತ್ತೆ ಹೋದಾಗ ದನಗಳು ಆ ಹೂವನ್ನೆಲ್ಲ ಮೇಯ್ದು ಬಿಟ್ಟಿದ್ದವು. ಆ ದೃಶ್ಯ ಪೂರ್ತಿಯಾಗಲು ಇನ್ನೊಂದು ಹೂವಿನ ಕಾಲ ಬರಬೇಕಾಯಿತು. ಕೈಯಲ್ಲಿದ್ದ ಹಣ ಕರಗಿ, ಒಡವೆ ಅಡವಿಟ್ಟು, ಕೆಲಸ ನಿಂತೇಹೋದಾಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿ.ಸಿ. ರಾಯ್ ಅವರ ಸರ್ಕಾರ ಹಣ ಕೊಟ್ಟಿತು. ಸಿನಿಮಾಗೆಂದು ಖಾತೆ ಇರಲಿಲ್ಲವಾದ್ದರಿಂದ ರಸ್ತೆ ಅಭಿವೃದ್ಧಿಯ ಲೆಕ್ಕದಲ್ಲಿ ಬರೆದುಕೊಂಡರು. 1955ರಲ್ಲಿ ಚಿತ್ರ ಹೊರಬಂತು. ಅರ್ಧಕ್ಕೆ ನಿಂತ ಕೆಲಸವನ್ನು ನೋಡಿ, ಇದು ಪೂರ್ತಿಯಾಗಬೇಕು ಎಂದು ತೀರ್ಮಾನಿಸಿದ ಆ ಆಡಳಿತಕ್ಕೆ ಸಿನಿಮಾ ಗೊತ್ತಿತ್ತೋ ಇಲ್ಲವೋ, ಮುಂಗಡ ಕೊಡುವ ಧೈರ್ಯ ಇತ್ತು.

ನಮ್ಮಲ್ಲೂ ಅಂಥ ಧೈರ್ಯ ಬಂದದ್ದುಂಟು, ಹೆಚ್ಚಾಗಿ ಸರ್ಕಾರದ ಹೊರಗೆ. ಪವನ್ ಕುಮಾರ್ ಅವರ ‘ಲೂಸಿಯಾ’ 2013ರಲ್ಲಿ ಪ್ರೇಕ್ಷಕರೇ ಮೊದಲೇ ಕೂಡಿಸಿ ಕೊಟ್ಟ ಸುಮಾರು 50 ಲಕ್ಷ ರೂಪಾಯಿಯಿಂದ ಆಯಿತು. 2023ರ ‘ಡೇರ್‌ಡೆವಿಲ್ ಮುಸ್ತಫಾ’ಗೆ ಹಣ ಹಾಕಿದವರು ಪೂರ್ಣಚಂದ್ರ ತೇಜಸ್ವಿಯವರ ಓದುಗರು. ಕೋಲಾರ ಜಿಲ್ಲೆಯವರು ಎದೆ ತಟ್ಟಿ ಹೇಳಿಕೊಳ್ಳಬೇಕಾದ ಹೆಸರು ಮುಳಬಾಗಿಲು ಸೀಮೆಯ ಸೌಂದರ್ಯ ಅವರದು. ತೆಲುಗಿನಲ್ಲಿ ದೊಡ್ಡ ತಾರೆಯಾಗಿದ್ದ ಹೊತ್ತಿನಲ್ಲಿ ಅವರು ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ವನ್ನು ತಾವೇ ನಿರ್ಮಿಸಿ ನಟಿಸಿದರು. ನಾ. ಡಿಸೋಜರ ಕಾದಂಬರಿ ಆಧರಿಸಿದ, ಅಣೆಕಟ್ಟಿನ ನೀರು ಸುತ್ತುವರಿದ ಮನೆಯೊಂದರ ಕಥೆ. ಅಂಥ ಕಥೆಗೆ ಲಾಭದ ಲೆಕ್ಕ ಹಾಕಿ ಯಾರೂ ಹಣ ಹಾಕುವುದಿಲ್ಲ. ಆ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಳ್ಳದೆ ಇದ್ದಿದ್ದರೆ ಇನ್ನೆಷ್ಟು ಇಂಥ ಚಿತ್ರಗಳ ಬೆನ್ನಿಗೆ ನಿಲ್ಲುತ್ತಿದ್ದರೋ.

ಆದರೆ ಹೀಗೆ ಒಬ್ಬೊಬ್ಬರ ಔದಾರ್ಯವನ್ನೇ ನೆಚ್ಚಿಕೊಂಡು ಕೂರಲಾಗದು. ಜನರಿಂದ ಹಣ ಎತ್ತುವವರಿಗೆ ಮೊದಲೇ ಹೆಸರಿರಬೇಕು, ಇಲ್ಲವೇ ತೇಜಸ್ವಿಯವರಂಥ ಹೆಸರು ಹಿಂದಿರಬೇಕು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕಾವಲು ಕಾಯುತ್ತಲೇ ಮೊಬೈಲಿನಲ್ಲಿ ಚಿತ್ರ ತೆಗೆಯುವ ಹುಡುಗನಿಗೆ ಇವೆರಡೂ ಇರುವುದಿಲ್ಲ.

ದುಡ್ಡು ಪೋಲಾಗುತ್ತದೆ ಎಂಬ ಭಯ ಮಾತ್ರ ತೆಗೆದುಹಾಕುವಂಥದ್ದಲ್ಲ. 1960ರಲ್ಲಿ ಶುರುವಾದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ‘ಭುವನ್ ಶೋಮ್’ನಂಥ ಚಿತ್ರಕ್ಕೆ ಸಾಲ ಕೊಟ್ಟು ಹೊಸ ಅಲೆಗೆ ದಾರಿ ಮಾಡಿತು. ಅದೇ ಹಣದಲ್ಲಿ ತಯಾರಾದ ಎಷ್ಟೋ ಚಿತ್ರಗಳು ಥಿಯೇಟರ್ ಕಾಣದೆ ಡಬ್ಬಿಯಲ್ಲೇ ಉಳಿದವು ಎಂಬ ದೂರೂ ನಿಜ. ಅರ್ಜಿ ಬರೆಯುವುದರಲ್ಲಿ ಪಳಗಿದವರು ಹಣ ಪಡೆದು ಕೆಲಸ ಬಿಟ್ಟುಬಿಡಬಹುದು, ಸಮಿತಿಯಲ್ಲಿ ಕೂತವರು ತಮ್ಮವರಿಗೇ ಕೊಡಬಹುದು. ಇದಕ್ಕೆ ಪರಿಹಾರ ಶಿವಾರಪಟ್ಟಣದ ವ್ಯವಹಾರದಲ್ಲೇ ಇದೆ: ಎಲ್ಲವನ್ನೂ ಒಂದೇ ಸಲ ಕೊಡಬೇಡಿ. ಮೊದಲು ಸ್ವಲ್ಪ ಕೊಡಿ, ಗಟ್ಟಿ ರೂಪ ಕಂಡ ಮೇಲೆ ಇನ್ನಷ್ಟು, ಕಣ್ಣು ತೆರೆಯುವ ಹೊತ್ತಿಗೆ ಉಳಿದದ್ದು. ಕೆಲಸದ ನಡುವೆ ಕಲ್ಲಿನ ಒಳಗಿನ ಸೀಳು ಬಯಲಾದರೆ ಶಿಲ್ಪಿ ಆ ಕಲ್ಲನ್ನು ಬದಿಗಿಟ್ಟು ಬೇರೆ ಕಲ್ಲು ತರುತ್ತಾನೆ. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದು. ಹಾಗೆ ಕೆಲವು ಚಿತ್ರಗಳೂ ನಡುವೆ ನಿಲ್ಲುತ್ತವೆ, ನಿಲ್ಲಲೂಬೇಕು. ಆ ನಷ್ಟಕ್ಕೆ ಹೆದರಿ ಯಾರಿಗೂ ಮುಂಗಡವಿಲ್ಲ ಎಂದರೆ ಊರಿನಲ್ಲಿ ಒಂದು ವಿಗ್ರಹವೂ ಏಳುವುದಿಲ್ಲ.

ಹಣಕ್ಕಿಂತಲೂ ಕಷ್ಟದ ಪ್ರಶ್ನೆ ನೋಡುವವರದು. ಶಿವಾರಪಟ್ಟಣದ ಶಿಲ್ಪಿಯ ಅರ್ಧ ಕೆಲಸವನ್ನು ಪಕ್ಕದ ಮನೆಯ ಹಿರಿಯ ಶಿಲ್ಪಿ ನೋಡುತ್ತಾನೆ, ಭುಜ ದಪ್ಪವಾಯಿತು ಕಣಪ್ಪಾ ಎನ್ನುತ್ತಾನೆ. ಸಿನಿಮಾದವನ ಅರ್ಧ ಕೆಲಸವನ್ನು ನೋಡಿ ಹೀಗೆ ಹೇಳುವವರು ಅವನ ಜಿಲ್ಲೆಯಲ್ಲಿರುವುದಿಲ್ಲ. ಗೋವಾಕ್ಕೋ ಮುಂಬೈಗೋ ಹೋಗಬೇಕು, ಅಲ್ಲಿ ಸಬ್‌ಟೈಟಲ್ ಓದಿ ಅಭಿಪ್ರಾಯ ಹೇಳುವವರು ಸಿಗುತ್ತಾರೆ. ಕೋಲಾರದಂಥ ಜಿಲ್ಲೆಗೆ ಇದು ಇನ್ನೂ ತೊಡಕು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತಾಯಿ ಮಗುವನ್ನು ಬೈಯುವುದು ತೆಲುಗಿನಲ್ಲಿ, ಮಗು ಉತ್ತರ ಕೊಡುವುದು ಕನ್ನಡದಲ್ಲಿ. ಒಂದೇ ವಾಕ್ಯ ಒಂದು ಭಾಷೆಯಲ್ಲಿ ಹೊರಟು ಇನ್ನೊಂದರಲ್ಲಿ ಮುಗಿಯುತ್ತದೆ. ಇದನ್ನು ಹಾಗೆಯೇ ಚಿತ್ರದಲ್ಲಿಟ್ಟರೆ ಇದು ಕನ್ನಡ ಚಿತ್ರವೇ ಎಂದು ಕೇಳುವವರಿದ್ದಾರೆ. ತೆಗೆದುಹಾಕಿದರೆ ಅದು ಕೋಲಾರವೇ ಅಲ್ಲ. ಎಷ್ಟು ಇಡಬೇಕು ಎಂದು ತಿಳಿಯಬೇಕಾದರೆ ಆ ಅರೆಬರೆ ಚಿತ್ರವನ್ನು ಮೊದಲು ಮುಳಬಾಗಿಲಿನ ಜನರೇ ನೋಡಬೇಕು.

ನೋಡಲು ಜನರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಅವರ ಸಂಗಾತಿಗಳು ಕಟ್ಟಿದ ಆದಿಮದಲ್ಲಿ, ತೇರಹಳ್ಳಿ ಬೆಟ್ಟದ ಮೇಲೆ, ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ನಾಟಕ ನೋಡಲು ಸುತ್ತಲ ಹಳ್ಳಿಗಳಿಂದ ಜನ ಹತ್ತಿ ಬಂದಿದ್ದಾರೆ. ಕಥೆಗಳಿಗಂತೂ ಬರವಿಲ್ಲ. ಮಾಲೂರು ಕಥೆಗಾರ ಮಾಸ್ತಿಯವರನ್ನು ಕೊಟ್ಟ ತಾಲ್ಲೂಕು. ‘ಕೆಜಿಎಫ್’, ‘ತಂಗಲಾನ್’ ಚಿತ್ರಗಳಿಂದ ಕೋಲಾರದ ಚಿನ್ನ ದೇಶದ ಪರದೆಗಳಿಗೆಲ್ಲ ಹೋಯಿತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗಿಬರುವವರ ಕಥೆ ಅಷ್ಟು ಹೋಗಿಲ್ಲ. ನಸುಕಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವಾಗ ರೈತನ ಮುಖದಲ್ಲಿ ಏನಾಗುತ್ತದೆ, ಬತ್ತಿದ ಕೊಳವೆಬಾವಿಗಳ ಪಕ್ಕದ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ತುಂಬಿದಾಗ ಊರು ಏನು ಮಾತಾಡಿಕೊಳ್ಳುತ್ತದೆ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಯಾರು ದುಡಿಯುತ್ತಾರೆ, ಅಪ್ಪನ ಉಳಿ ಹಿಡಿಯುವುದೋ ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುವುದೋ ಎಂದು ತೂಗುವ ಶಿಲ್ಪಿಯ ಮಗ ಕೊನೆಗೆ ಏನು ಮಾಡುತ್ತಾನೆ? ಇವನ್ನು ಹೊರಗಿನಿಂದ ಬಂದವರು ಒಂದು ವಾರದಲ್ಲಿ ತೆಗೆದುಕೊಂಡು ಹೋಗಲಾರರು. ಇಲ್ಲೇ ಹುಟ್ಟಿದವರು ವರ್ಷಗಟ್ಟಲೆ ಕೂತು ಕೆತ್ತಬೇಕು.

ಹಾಗಾಗಿ ಕೇಳುವುದು ಇಷ್ಟೆ. ವಾರ್ತಾ ಇಲಾಖೆ ಮತ್ತು ಚಲನಚಿತ್ರ ಅಕಾಡೆಮಿ ಸೇರಿ, ಚಿತ್ರಗಳಿಗೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ಮೊದಲ ಎಡಿಟ್ ಹಂತದಲ್ಲಿರುವ ಚಿತ್ರಗಳಿಗೆ ಕಂತುಗಳಲ್ಲಿ ಕೊಡಲಿ. ಆಯ್ಕೆಯಾದ ಚಿತ್ರವನ್ನು ಮುಗಿಯುವ ಮೊದಲೇ ಅದು ಹುಟ್ಟಿದ ತಾಲ್ಲೂಕಿನಲ್ಲಿ ಒಮ್ಮೆ ತೋರಿಸಬೇಕೆಂಬ ಷರತ್ತು ಹಾಕಲಿ. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಮಾಲೂರಿನ ಕಾಲೇಜಿನ ಸಭಾಂಗಣ ಸಾಕು, ಬೇಸಗೆಯಲ್ಲಿ ಶಿವಾರಪಟ್ಟಣದ ಶಾಲೆಯ ಬಯಲೂ ಸಾಕು. ಹಾಗೆ ತೋರಿಸಿದ ದಿನ ನೀವೂ ಹೋಗಿ, ನೋಡಿ, ಅನಿಸಿದ್ದನ್ನು ಆ ಚಿತ್ರ ತೆಗೆದವರಿಗೆ ಮುಖ ನೋಡಿ ಹೇಳಿ ಬನ್ನಿ.