ಟೆಂಟ್ ಹಾಕೋಕೆ ಜಾಗ ಕೊಡೋಣ, ಬಾಡಿಗೆ ತಗೊಳ್ಳೋಣ

ದಸರಾ ರಜೆ ಶುರುವಾದರೆ ಸಾಕು, ಸಂಕ್ರಾಂತಿ ಮುಗಿಯೋವರೆಗೂ ಹಂಪಿ, ಬಾದಾಮಿ ಕಡೆಯ ರಸ್ತೆಗಳಲ್ಲಿ ಒಂದು ಹೊಸ ಬಗೆಯ ಕಾರು ಕಾಣುತ್ತೆ. ಕಪ್ಪು ನಂಬರ್ ಪ್ಲೇಟು, ಅದರ ಮೇಲೆ ಹಳದಿ ಅಕ್ಷರ. ಒಳಗೆ ಇಬ್ಬರೇ. ಹಿಂದಿನ ಸೀಟಿನಲ್ಲಿ ಸುತ್ತಿಟ್ಟ ಟೆಂಟು, ಒಂದು ಚಾಪೆ, ಚಿಕ್ಕ ಗ್ಯಾಸ್ ಒಲೆ, ನೀರಿನ ಕ್ಯಾನು. ಡ್ರೈವರ್ ಇಲ್ಲದೆ ತಾವೇ ಓಡಿಸುವ ಬಾಡಿಗೆ ಕಾರು ಅದು. ಗಂಡ ಹೆಂಡತಿಯೋ, ಮದುವೆ ಆಗಲಿರುವ ಜೋಡಿಯೋ, ಬೆಂಗಳೂರಿನಲ್ಲಿ ಕೆಲಸ ಮಾಡುವ ಸಾಧಾರಣ ಸಂಬಳದ ಮಂದಿ. ರೆಸಾರ್ಟಿಗೆ ಹೋಗುವಷ್ಟು ದುಡ್ಡಿಲ್ಲ, ಮನೆಯಲ್ಲೇ ಕೂರೋಕೆ ಮನಸ್ಸಿಲ್ಲ.

ಇವರನ್ನು ಕಂಡರೆ ನಮ್ಮ ಊರುಗಳಲ್ಲಿ ಎರಡೇ ಮಾತು. ಒಂದು, "ಇವರಿಂದ ನಮಗೇನು ಲಾಭ? ಬಿಸ್ಲೇರಿ ಬಾಟಲಿ ಬಿಸಾಕಿ ಹೋಗ್ತಾರೆ." ಎರಡು, "ಇವರಿಬ್ಬರೂ ಗಂಡ ಹೆಂಡ್ತಿ ಹೌದೋ ಅಲ್ಲೋ?" ಮೊದಲನೇ ಮಾತಿನಲ್ಲಿ ನಿಜ ಇದೆ. ಎರಡನೇ ಮಾತು ನಮಗೆ ಸಂಬಂಧಪಟ್ಟಿದ್ದಲ್ಲ. ಎರಡಕ್ಕೂ ಸೇರಿ ನಾನು ಹೇಳುವ ಪರಿಹಾರ ಒಂದೇ: ಪ್ರವಾಸಿ ತಾಣದ ಪಕ್ಕದ ಪ್ರತಿ ಗ್ರಾಮ ಪಂಚಾಯಿತಿಯೂ ಟೆಂಟ್ ಹಾಕಲು ಒಂದು ಜಾಗ ಗುರುತು ಮಾಡಬೇಕು, ಅದಕ್ಕೆ ಬಾಡಿಗೆ ತೆಗೆದುಕೊಳ್ಳಬೇಕು.

ಲೆಕ್ಕ ಹಾಕಿ ನೋಡಿ

ಒಂದು ಜೋಡಿ ಬೆಂಗಳೂರಿನಿಂದ ಹೊರಟು ಚಿತ್ರದುರ್ಗದ ಕೋಟೆ ನೋಡಿ, ಹೊಸಪೇಟೆ ದಾರಿಯಲ್ಲಿ ಹಂಪಿಗೆ ಬಂದು, ಅಲ್ಲಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮುಗಿಸಿ ವಾಪಸ್ ಹೋದರೆ ಸುಮಾರು 1,000 ಕಿಲೋಮೀಟರ್ ಆಗುತ್ತೆ. ನಾಲ್ಕು ಹಗಲು, ಮೂರು ರಾತ್ರಿ. ಸಣ್ಣ ಕಾರಿಗೆ ದಿನಕ್ಕೆ 2,000 ಬಾಡಿಗೆ ಅಂತ ಇಟ್ಟುಕೊಳ್ಳಿ, 8,000 ಆಯಿತು. ಲೀಟರಿಗೆ 16 ಕಿಲೋಮೀಟರ್ ಕೊಟ್ಟರೂ 62 ಲೀಟರ್ ಪೆಟ್ರೋಲ್ ಬೇಕು, ಹೆಚ್ಚು ಕಡಿಮೆ 6,400 ರೂಪಾಯಿ. ಟೋಲಿಗೆ 1,000 ಇಡೋಣ. ಇಷ್ಟಕ್ಕೇ 15,400. ಇಬ್ಬರ ಊಟ ತಿಂಡಿಗೆ ದಿನಕ್ಕೆ 800ರಂತೆ 3,200. ಟಿಕೆಟು, ಪಾರ್ಕಿಂಗ್ 400. ಒಟ್ಟು 19,000.

ಈಗ ಈ ದುಡ್ಡು ಎಲ್ಲಿಗೆ ಹೋಯಿತು ನೋಡಿ. ಕಾರಿನ ಬಾಡಿಗೆ ಬೆಂಗಳೂರಿನಲ್ಲೇ ಉಳಿಯಿತು. ಪೆಟ್ರೋಲಿನ ದುಡ್ಡು ತೈಲ ಕಂಪನಿಗೆ, ತೆರಿಗೆಗೆ. ಟೋಲು ಹೆದ್ದಾರಿಗೆ. ನೂರು ರೂಪಾಯಿಯಲ್ಲಿ 81 ರೂಪಾಯಿ ನಮ್ಮ ಊರಿನ ಹತ್ತಿರಕ್ಕೂ ಬರಲಿಲ್ಲ. ಉಳಿದದ್ದರಲ್ಲೂ ಅರ್ಧ ಹೆದ್ದಾರಿ ಪಕ್ಕದ ದೊಡ್ಡ ಹೋಟೆಲಿಗೆ ಹೋಯಿತು. ಹಂಗಾಗಿ ಇವರಿಂದ ನಮಗೇನು ಲಾಭ ಅನ್ನುವ ಪ್ರಶ್ನೆ ಸರಿಯಾಗಿಯೇ ಇದೆ.

ಆದರೆ ಈ ಲೆಕ್ಕದಲ್ಲಿ ಒಂದು ಖರ್ಚು ಇಲ್ಲ ಅನ್ನೋದನ್ನ ಗಮನಿಸಿ. ಮೂರು ರಾತ್ರಿಯ ಲಾಡ್ಜ್. ರಾತ್ರಿಗೆ 1,500 ಅಂದರೂ 4,500 ರೂಪಾಯಿ. ಅದನ್ನು ಉಳಿಸೋಕೆ ಅಂತಲೇ ಅವರು ಟೆಂಟ್ ತಂದಿರೋದು. ಕಾರಿನ ಬಾಡಿಗೆ, ಪೆಟ್ರೋಲು, ಟೋಲು ಯಾವುದನ್ನೂ ಅವರು ಕಮ್ಮಿ ಮಾಡೋಕಾಗಲ್ಲ. ಅವರ ಕೈಯಲ್ಲಿರೋದು ರಾತ್ರಿಯ ಖರ್ಚು ಒಂದೇ. ಯಾವ ಊರು ಅವರಿಗೆ ಕಡಿಮೆ ದುಡ್ಡಿಗೆ ನೆಮ್ಮದಿಯ ರಾತ್ರಿ ಕೊಡುತ್ತೋ, ಆ ಊರಿಗೆ ರಾತ್ರಿಯ ಊಟದ ದುಡ್ಡು, ಬೆಳಗಿನ ತಿಂಡಿಯ ದುಡ್ಡು ಎರಡೂ ಬರುತ್ತೆ. ಮಲಗುವ ಜಾಗ ಇಲ್ಲದ ಊರಿನಲ್ಲಿ ಒಂದು ಚಹಾ ಕುಡಿದು ಮುಂದಕ್ಕೆ ಹೋಗ್ತಾರೆ.

ಜಾಗ ಇಲ್ಲದಿದ್ದರೆ ಏನಾಗುತ್ತೆ

ಜಾಗ ಕೊಡದಿದ್ದರೆ ಅವರು ಬರೋದು ನಿಲ್ಲಲ್ಲ. ಕತ್ತಲಾದ ಮೇಲೆ ಎಲ್ಲಿ ಸಿಕ್ಕಿತೋ ಅಲ್ಲಿ ಟೆಂಟ್ ಹೊಡೀತಾರೆ. ಹೊಳೆ ದಂಡೆ, ಕಾಲುವೆ ಏರಿ, ಗುಡ್ಡದ ತುದಿ, ಯಾರದೋ ಕಟಾವಾದ ಹೊಲ. ಅಪಾಯ ಶುರುವಾಗೋದು ಇಲ್ಲಿಂದಲೇ.

ಹಂಪಿ, ಆನೆಗೊಂದಿ ಸುತ್ತಲ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಪಕ್ಕದಲ್ಲೇ ದರೋಜಿ ಕರಡಿಧಾಮ ಇದೆ. ಊರಿನವರಿಗೆ ಯಾವ ಗುಡ್ಡಕ್ಕೆ ಸಂಜೆ ಮೇಲೆ ಹೋಗಬಾರದು ಅಂತ ಗೊತ್ತು, ಫೋನಿನ ಮ್ಯಾಪ್ ನೋಡಿ ಬಂದವರಿಗೆ ಗೊತ್ತಿಲ್ಲ. ಮಲಪ್ರಭೆಯ ದಂಡೆ ಬೇಸಿಗೆಯಲ್ಲಿ ಚೆಂದ ಕಾಣುತ್ತೆ. ಆದರೆ 2019ರ ಆಗಸ್ಟ್ ಪ್ರವಾಹದಲ್ಲಿ ಪಟ್ಟದಕಲ್ಲಿನ ದೇವಸ್ಥಾನಗಳಿಗೇ ನೀರು ನುಗ್ಗಿತ್ತು. ಅಣೆಕಟ್ಟಿನಿಂದ ನೀರು ಬಿಟ್ಟರೆ ದಂಡೆಯಲ್ಲಿ ಮಲಗಿದವರಿಗೆ ಹೇಳುವವರು ಯಾರು? ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗೋದು, ಬೆಂಕಿ ಹಾಕೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ವನ್ಯಧಾಮವಾದರೆ 1972ರ ವನ್ಯಜೀವಿ ಕಾಯ್ದೆಯೂ ಸೇರುತ್ತೆ. ಚಳಿ ಅಂತ ಟೆಂಟಿನೊಳಗೆ ಕೆಂಡ ಇಟ್ಟುಕೊಂಡರೆ, ಅಥವಾ ಕಾರಿನ ಎಂಜಿನ್ ಚಾಲೂ ಇಟ್ಟು ಗಾಜು ಏರಿಸಿ ಮಲಗಿದರೆ, ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಮನುಷ್ಯರದು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಹತ್ತಿರ ತುಂಗಭದ್ರಾ ಕಾಲುವೆ ದಂಡೆಯಲ್ಲಿ ಕೂತಿದ್ದ ಐವರ ಮೇಲೆ ದಾಳಿ ಆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಿದ್ದರಲ್ಲಿ ಒಡಿಶಾದ ಒಬ್ಬ ಯುವಕ ಸತ್ತ. ಆ ಮಹಿಳೆಯರಲ್ಲಿ ಒಬ್ಬರು ಅಲ್ಲೇ ಹೋಂಸ್ಟೇ ನಡೆಸುತ್ತಿದ್ದವರು, ಅಂದರೆ ಪ್ರವಾಸಿಗರನ್ನೇ ನಂಬಿ ಬದುಕುತ್ತಿದ್ದವರು. ಆಗ ಎಲ್ಲ ಪತ್ರಿಕೆ, ಟೀವಿಯವರೂ ಸಾಣಾಪುರಕ್ಕೆ ಬಂದರು. ಕಾಲುವೆ ಏರಿಗೆ ಒಂದು ದೀಪ ಹಾಕಿಸುವ ವಿಷಯವನ್ನು ಅದಕ್ಕೆ ಮುಂಚೆ ಸುದ್ದಿ ಬರೆಯುವ ನಾವು ಎಷ್ಟು ಸಲ ಕೇಳಿದ್ದೇವೆ? ದುಷ್ಕೃತ್ಯ ಮಾಡಿದವರು ಬೆರಳೆಣಿಕೆಯಷ್ಟು ಮಂದಿ, ಹೆಸರು ಕೆಟ್ಟಿದ್ದು ಇಡೀ ಸೀಮೆಯದು.

"ಗಂಡ ಹೆಂಡ್ತಿ ಹೌದೋ ಅಲ್ಲೋ?"

ಈ ಪ್ರಶ್ನೆ ಕೇಳೋದು ತಪ್ಪೇನು ಅನ್ನುವವರಿದ್ದಾರೆ. 2024ರ ಜನವರಿಯಲ್ಲಿ ಹಾನಗಲ್ ಹತ್ತಿರದ ಒಂದು ಲಾಡ್ಜಿನಲ್ಲಿ ಈ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೆನಪು ಮಾಡಿಕೊಳ್ಳಿ. ಕೋಣೆಗೆ ನುಗ್ಗಿ ಜೋಡಿಯನ್ನು ಹೊಡೆದು, ಮಹಿಳೆಯನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದ ಆರೋಪದ ಮೇಲೆ ಪ್ರಕರಣ ದಾಖಲಾಯಿತು. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳನ್ನು ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಆ ವಿಡಿಯೋ ನಿಮ್ಮ ಫೋನಿಗೂ ಬಂದಿರಬೇಕು.

ಪ್ರಾಯಕ್ಕೆ ಬಂದ ಇಬ್ಬರು ಒಟ್ಟಿಗೆ ಪ್ರಯಾಣ ಮಾಡೋಕೆ, ಒಂದೇ ಕಡೆ ತಂಗೋಕೆ ಮದುವೆ ಪತ್ರ ತೋರಿಸಬೇಕು ಅಂತ ನಮ್ಮ ದೇಶದ ಯಾವ ಕಾನೂನೂ ಹೇಳಲ್ಲ. ಮದುವೆಯಾಗದ ಜೋಡಿ ಒಂದೇ ಕೋಣೆಯಲ್ಲಿ ಇರೋದು ಅಪರಾಧ ಅಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲಿ ಬಿಡಿಸಿಯೇ ಹೇಳಿದೆ. ಗುರುತಿನ ಚೀಟಿ ಕೇಳಿ, ಅದು ಸರಿ. ವಯಸ್ಸು 18 ಆಗಿದೆಯೋ ನೋಡಿ, ಅದೂ ಸರಿ. ಹೆಸರು, ಕಾರಿನ ನಂಬರು ಪುಸ್ತಕದಲ್ಲಿ ಬರೆಯಿರಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಯಾರಾದರೂ ತಪ್ಪು ಕೆಲಸ ಮಾಡ್ತಿದ್ದಾರೆ ಅನಿಸಿದರೆ 112ಕ್ಕೆ ಫೋನ್ ಮಾಡಿ. ನಾವೇ ಪೊಲೀಸರಾಗೋಕೆ ಹೋಗೋದು ಬೇಡ.

ಇದು ಹೊಸದೇನೂ ಅಲ್ಲ

ರಸ್ತೆ ಬದಿ ಬಿಡಾರ ಹೂಡೋದು ಪಟ್ಟಣದವರು ಕಂಡುಹಿಡಿದಿದ್ದಲ್ಲ. ಬಂಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಕಟಕ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ, ಮರದ ಕೆಳಗೆ ಮೂರು ಕಲ್ಲಿನ ಒಲೆ, ಬಂಡಿಯ ಅಡಿಯಲ್ಲಿ ನಿದ್ದೆ. ಇವತ್ತಿಗೂ ಯುಗಾದಿ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯ ಊರುಗಳು ನೀರು, ಊಟ, ಮಲಗೋಕೆ ಜಾಗ ಕೊಡುತ್ತವೆ. ಯಾರ ಮಗ, ಯಾವ ಜಾತಿ, ಜೊತೆಗೆ ಯಾರು ಅಂತ ವಿಚಾರಣೆ ಮಾಡಿ ಕೊಡಲ್ಲ. ಗುಡಿಯ ಪೌಳಿ, ಛತ್ರ, ಅರವಟ್ಟಿಗೆ ಎಲ್ಲವೂ ದಾರಿಹೋಕರಿಗಾಗಿ ಹುಟ್ಟಿದವು. ಇವರೂ ದಾರಿಹೋಕರೇ. ವ್ಯತ್ಯಾಸ ಇಷ್ಟೇ, ಇವರಿಂದ ನಾವು ದುಡ್ಡು ತಗೊಳ್ಳಬಹುದು.

ಹೇಗೆ ಮಾಡೋದು

ಬಹಳ ದೊಡ್ಡ ಯೋಜನೆ ಬೇಡ. ಪಂಚಾಯಿತಿ ಕಟ್ಟಡದ ಹತ್ತಿರವೋ, ಶಾಲೆಯ ಹೊರಗಿನ ಬಯಲಿನಲ್ಲೋ ಅರ್ಧ ಎಕರೆ ಮಟ್ಟಸವಾದ ಜಾಗ. ಬೀಗ ಇರುವ ಎರಡು ಶೌಚಾಲಯ, ಒಂದು ಸ್ನಾನದ ಕೋಣೆ, ನಲ್ಲಿ, ರಾತ್ರಿಯಿಡೀ ಉರಿಯುವ ಎರಡು ದೀಪ, ಕಸದ ಡಬ್ಬಿ, ಹೆಸರು ಬರೆಯೋ ಪುಸ್ತಕ. ರಕ್ಷಿತ ಸ್ಮಾರಕಗಳ ಆವರಣದಿಂದ, ಅರಣ್ಯದ ಗಡಿಯಿಂದ, ಹೊಳೆ ಕಾಲುವೆಯಿಂದ ದೂರ ಇರಬೇಕು. ಹಂಪಿಯ ಸುತ್ತ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಮೊದಲೇ ಪಡೆಯಬೇಕು. ವಿರೂಪಾಪುರ ಗಡ್ಡೆಯ ಅನಧಿಕೃತ ಕಟ್ಟಡಗಳು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೆಲಸಮ ಆದದ್ದನ್ನು ಮರೆಯಬಾರದು. ಟೆಂಟಿನ ಅನುಕೂಲ ಅಂದರೆ ಅದಕ್ಕೆ ಕಟ್ಟಡ ಬೇಡ, ಬೆಳಿಗ್ಗೆ ಎದ್ದು ಮಡಚಿದರೆ ಜಾಗ ಮೊದಲಿನ ಹಾಗೇ ಇರುತ್ತೆ.

ನೋಡಿಕೊಳ್ಳೋ ಕೆಲಸ ಸಂಜೀವಿನಿ ಒಕ್ಕೂಟದ ಮಹಿಳಾ ಸಂಘಗಳಿಗೆ ಕೊಡಬೇಕು. ಎಷ್ಟೋ ಪಂಚಾಯಿತಿಗಳಲ್ಲಿ ಈಗಾಗಲೇ ಅವರೇ ಕಸದ ಗಾಡಿ ಓಡಿಸುತ್ತಿದ್ದಾರೆ. ರಾತ್ರಿ ಒಬ್ಬ ಹೆಣ್ಣುಮಗಳು ಟೆಂಟಿನಿಂದ ಶೌಚಾಲಯಕ್ಕೆ ಹೋಗುವಾಗ, ಆ ಜಾಗ ಊರಿನ ಹೆಣ್ಣುಮಕ್ಕಳ ಉಸ್ತುವಾರಿಯಲ್ಲಿದೆ ಅನ್ನೋದೇ ದೊಡ್ಡ ಧೈರ್ಯ. ಅಡುಗೆಯೂ ಅವರದೇ ಆಗಲಿ. ಬಾದಾಮಿ ಪಕ್ಕದ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಚಟ್ನಿ, ಮೊಸರು ಮಾರುವ ಹೆಂಗಸರನ್ನು ನೋಡಿದವರಿಗೆ ಇದರ ವ್ಯಾಪಾರ ಬಿಡಿಸಿ ಹೇಳಬೇಕಿಲ್ಲ. ಪಟ್ಟಣದಿಂದ ಬಂದವರು ಹುಡುಕಿಕೊಂಡು ಬಂದು ತಿನ್ನುವ ಊಟ ಅದು.

ಟೆಂಟಿಗೆ ರಾತ್ರಿಗೆ 300, ಇಬ್ಬರ ರಾತ್ರಿ ಊಟಕ್ಕೆ 200, ತಿಂಡಿಗೆ 100. ಒಂದು ಜೋಡಿಯಿಂದ 600 ರೂಪಾಯಿ. ಸೀಸನ್ ಅಂದರೆ ಅಕ್ಟೋಬರ್‌ನಿಂದ ಜನವರಿವರೆಗೆ 16 ವಾರಾಂತ್ಯ, ವಾರಕ್ಕೆ ಎರಡು ರಾತ್ರಿ. ಜಾಗ ತುಂಬುತ್ತೆ ಅಂತ ಆಸೆ ಪಡೋದು ಬೇಡ, ರಾತ್ರಿಗೆ ಐದೇ ಟೆಂಟ್ ಅಂದುಕೊಳ್ಳಿ. 96,000 ರೂಪಾಯಿ ಆಗುತ್ತೆ. ಅರ್ಧ ಜಾಗದ ಬಾಡಿಗೆ, ಅರ್ಧ ಊಟ ತಿಂಡಿಯದು. ಏಪ್ರಿಲ್ ಬಿಸಿಲಲ್ಲಿ ನಮ್ಮ ಕಡೆ ಯಾರೂ ಟೆಂಟ್ ಹಾಕಲ್ಲ, ಮಳೆಗಾಲದಲ್ಲೂ ಇಲ್ಲ. ಇದರಿಂದ ಊರಿನ ಹಣೆಬರಹ ಬದಲಾಗಲ್ಲ. ಆದರೆ ದೀಪದ ಬಿಲ್ಲು, ಶೌಚಾಲಯ ತೊಳೆಯುವವರ ಕೂಲಿ, ನಾಲ್ಕು ಮನೆಯ ಹೆಣ್ಣುಮಕ್ಕಳ ಕೈಖರ್ಚು ಹೊರಡುತ್ತೆ. ಉಳಿದ ಎಂಟು ತಿಂಗಳು ಆ ದೀಪ, ಆ ಶೌಚಾಲಯ ಊರಿನವರದೇ.

ಟ್ಯಾಕ್ಸಿಯವರ ಮಾತು

ತಾವೇ ಓಡಿಸುವ ಬಾಡಿಗೆ ಕಾರುಗಳಿಂದ ತಮ್ಮ ಹೊಟ್ಟೆ ಮೇಲೆ ಹೊಡೆತ ಬಿದ್ದಿದೆ ಅಂತ ಹಳದಿ ಬೋರ್ಡಿನ ಚಾಲಕರು ಹೇಳ್ತಾರೆ. ಅವರ ಸಂಕಟ ಸುಳ್ಳಲ್ಲ. ಆದರೆ ಅವರ ನಿಜವಾದ ಶತ್ರು ಕಪ್ಪು ಪ್ಲೇಟಿನ ಕಾರಲ್ಲ, ಕದ್ದು ಬಾಡಿಗೆಗೆ ಬಿಡುವ ಬಿಳಿ ಬೋರ್ಡಿನ ಕಾರು. ಕಪ್ಪು ಪ್ಲೇಟಿನವರು ಪರವಾನಗಿ ಪಡೆದು ತೆರಿಗೆ ಕಟ್ಟುತ್ತಾರೆ. 1989ರ ಕೇಂದ್ರದ ಯೋಜನೆಯಂತೆ ಆ ಲೈಸೆನ್ಸಿಗೆ ಕನಿಷ್ಠ 50 ಕಾರು ಇರಬೇಕು. ನಮ್ಮೂರ ಹುಡುಗರು ಸಾಲ ಮಾಡಿ ತಗೊಂಡ ಸ್ವಂತ ಕಾರನ್ನು ವಾಟ್ಸಾಪಿನಲ್ಲಿ ಮಾತಾಡಿ ಯಾರಿಗೋ ಬಾಡಿಗೆ ಕೊಡೋದು ಬೇರೆ ಮಾತು. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಖಾಸಗಿ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸಲ್ಲ. ಅಪಘಾತವಾಗಿ ಯಾರಾದರೂ ಸತ್ತರೆ, ಕಂಪನಿ ಪರಿಹಾರ ಕೊಟ್ಟು ಆ ದುಡ್ಡನ್ನು ಕಾರಿನ ಮಾಲೀಕನಿಂದ ವಸೂಲಿ ಮಾಡಲು ಕೋರ್ಟ್ ಹೇಳಬಹುದು. ದಿನಕ್ಕೆ ಎರಡು ಸಾವಿರದ ಆಸೆಗೆ ಹೊಲ ಮಾರುವ ಪರಿಸ್ಥಿತಿ ಬರಬಹುದು. ಮನೆಯಲ್ಲಿ ಯಾರಾದರೂ ಹೀಗೆ ಕಾರು ಕೊಡ್ತಿದ್ದರೆ ಈ ಭಾಗ ಅವರಿಗೆ ಓದಿ ಹೇಳಿ.

ಇನ್ನು ನಮ್ಮ ಟ್ಯಾಕ್ಸಿ, ಆಟೋದವರಿಗೂ ಕೆಲಸ ಉಂಟು. ದೂರದಿಂದ ಕಾರು ಓಡಿಸಿಕೊಂಡು ಬಂದು ದಣಿದವರು, ಕಾರನ್ನು ಟೆಂಟಿನ ಬಳಿಯೇ ಬಿಟ್ಟು ಊರಿನ ಆಟೋದಲ್ಲಿ ಸುತ್ತಾಡೋಕೆ ಇಷ್ಟಪಡಬಹುದು. ಜಾಗದ ಬಳಿ ದರಪಟ್ಟಿ ಹಾಕಿ, ಚೌಕಾಸಿ ಇಲ್ಲದ ಹಾಗೆ ಮಾಡಿ. ನಂಬಿಕೆ ಬಂದರೆ ಗಿರಾಕಿ ಬರ್ತಾರೆ.

ಬರುವ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಅರ್ಜಿಯಲ್ಲಿ ಮೂರೇ ಸಾಲು ಸಾಕು: ಟೆಂಟ್ ಜಾಗ ಯಾವುದು, ಬಾಡಿಗೆ ಎಷ್ಟು, ನಡೆಸುವ ಸಂಘ ಯಾವುದು. ಪಿಡಿಒ ದುಡ್ಡಿಲ್ಲ ಅಂದರೆ, ಶೌಚಾಲಯ ಮತ್ತು ಎರಡು ದೀಪದಿಂದ ಶುರು ಮಾಡೋಣ ಅನ್ನಿ. ಹೆಂಗಸರೇ ಎದ್ದು ನಿಂತು ಕೇಳಿದರೆ ಇನ್ನೂ ಒಳ್ಳೆಯದು, ನಡೆಸುವವರು ಅವರೇ ತಾನೆ. ನಮ್ಮ ಊರಿಗೆ ಬಂದ ಜೋಡಿ ರಾತ್ರಿ ನೆಮ್ಮದಿಯಿಂದ ಮಲಗಿ, ಬೆಳಿಗ್ಗೆ ರೊಟ್ಟಿ ತಿಂದು, ಕಸ ಡಬ್ಬಿಗೆ ಹಾಕಿ, ದುಡ್ಡು ಕೊಟ್ಟು ಮುಂದಿನ ಊರಿಗೆ ಹೋಗಲಿ. ಆ ಮುಂದಿನ ಊರಿನಲ್ಲೂ ಇಂಥದ್ದೊಂದು ಜಾಗ ಇರಲಿ.